ಗೇಟಿನ ನಟ್ಟು: ಚೌಕದ್ದೋ, ಆರು ಮೂಲೆಯದ್ದೋ?

ಕಾರವಾರದ ಕೋಡಿಬಾಗದ ನಮ್ಮ ಮನೆಯ ಮರದ ಗೇಟಿಗೆ ಇನ್ನು ಮೇಲೆ ನಾನು ಚೌಕ ನಟ್ಟನ್ನೇ ಹಾಕುವುದು. ಅದೂ ಕರಗಿಸಿದ ಸತುವಿನಲ್ಲಿ ಅದ್ದಿ ತೆಗೆದದ್ದು. ಬೇರೆ ಎರಡು ಬಗೆಯವನ್ನು ಹಾಕಿ ಕೈಸುಟ್ಟುಕೊಂಡ ಮೇಲೆ ಬಂದ ತೀರ್ಮಾನ ಇದು.

ಮೊದಲು ಹಾಕಿದ್ದು ಹಳದಿ ಹೊಳಪಿನ ತೆಳು ಸತುವಿನ ಪ್ಲೇಟಿಂಗ್ ಇದ್ದ, ಹತ್ತು ಎಂಎಂನ ಆರು ಮೂಲೆಯ ನಟ್ಟು. ಆ ಸತುವಿನ ಪದರ ಏಳೆಂಟು ಮೈಕ್ರಾನ್ (ಮೈಕ್ರಾನ್ ಅಂದರೆ ಎಂಎಂನ ಸಾವಿರದ ಒಂದು ಪಾಲು) ಇದ್ದರೆ ಹೆಚ್ಚು. ಕಾಳಿ ನದಿ ಸಮುದ್ರ ಸೇರುವ ಕಡೆಯಿಂದ ಬೀಸುವ ಉಪ್ಪುಗಾಳಿಗೆ ಅದು ಒಂದು ಮಳೆಗಾಲವೂ ತಡೆಯಲಿಲ್ಲ. ದೀಪಾವಳಿ ಹೊತ್ತಿಗೆ ಬಿಜಾಗರಿ ಬಿಚ್ಚಲು ಹೋದರೆ ಪಾನ (ಸ್ಪ್ಯಾನರ್) ಜಾರಿ ಜಾರಿ ನಟ್ಟು ಗುಂಡಗಾಯಿತು. ಕೊನೆಗೆ ಗ್ರೈಂಡರ್ ಹಚ್ಚಿ ಕತ್ತರಿಸಿದೆ. ಮತ್ತಿ ಹಲಗೆಯ ಮೇಲೆ ಆ ತುಕ್ಕು ಬಿಟ್ಟ ಕಪ್ಪು ಕಲೆ ಇವತ್ತಿಗೂ ಹೋಗಿಲ್ಲ.

ಆಮೇಲೆ ಸ್ಟೇನ್‌ಲೆಸ್ ಸ್ಟೀಲಿನದು, 304 ದರ್ಜೆಯದು. ತುಕ್ಕು ಹಿಡಿಯಲಿಲ್ಲ, ಕಂದು ಕಲೆ ಮಾತ್ರ ಬಿತ್ತು. ಆದರೆ ಅವಸರದಲ್ಲಿ ಬಿಗಿಯುವಾಗ ಒಂದು ನಟ್ಟು ಅರ್ಧಕ್ಕೇ ಕಚ್ಚಿಕೊಂಡು ನಿಂತಿತು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಸ್ಟೇನ್‌ಲೆಸ್ಸಿಗೆ ಸ್ಟೇನ್‌ಲೆಸ್ ಉಜ್ಜಿದರೆ ಹೀಗಾಗುತ್ತದೆ. ಗ್ರೀಸ್ ಹಚ್ಚಿ ನಿಧಾನ ತಿರುಗಿಸಬೇಕಿತ್ತು. ಸಮುದ್ರದ ಹತ್ತಿರ ನಿಜವಾಗಿ ಬೇಕಾದದ್ದು ಮಾಲಿಬ್ಡಿನಂ ಎಂಬ ಲೋಹ ಬೆರೆತ 316 ದರ್ಜೆಯದು. ಅದು ನನ್ನ ಬಜೆಟ್ಟಿಗೆ ನಿಲುಕುವುದಿಲ್ಲ.

ಚೌಕ ನಟ್ಟಿನ ಸುಖ ಮರದಲ್ಲಿ ಗೊತ್ತಾಗುತ್ತದೆ. ಉಳಿಯಿಂದ ಹಲಗೆಯಲ್ಲಿ ಅದರ ಅಳತೆಯ ಗುಳಿ ಕೆತ್ತಿ ಕೂರಿಸಿದರೆ ನಟ್ಟು ತಿರುಗುವುದೇ ಇಲ್ಲ. ಆ ಬದಿಯಿಂದ ಹಿಡಿದುಕೊಳ್ಳಲು ಇನ್ನೊಬ್ಬರು ಬೇಡ, ಈ ಬದಿಯಿಂದ ಒಬ್ಬನೇ ಬೋಲ್ಟು ಬಿಗಿಯಬಹುದು. ಗುಳಿ ಕೆತ್ತಲಾಗದ ಬಿಜಾಗರಿ ಪಟ್ಟಿಯ ಮೇಲೆಯೂ ಲಾಭವಿದೆ: ನನ್ನ ಚೌಕದ ಒಂದು ಬದಿ 17 ಎಂಎಂ ಉದ್ದ, ಅದೇ ಪಾನಕ್ಕೆ ಕೂರುವ ಆರು ಮೂಲೆಯದರ ಬದಿ 10 ಎಂಎಂ ಕೂಡ ಇಲ್ಲ. ಪಾನ ಭದ್ರವಾಗಿ ಹಿಡಿಯುತ್ತದೆ. ರಿಂಗ್ ಪಾನ ಮಾತ್ರ ಕೂರುವುದಿಲ್ಲ, ಬಾಯಿ ತೆರೆದದ್ದೇ ಬೇಕು.

ನನ್ನನ್ನು ನಿಜವಾಗಿ ಸತಾಯಿಸಿದ್ದು ಥ್ರೆಡ್ಡು, ಅಂದರೆ ನಟ್ಟು-ಬೋಲ್ಟಿನ ಸುರುಳಿ ಗೀರು. ಸತುವಿನಲ್ಲಿ ಅದ್ದಿದ ಬೋಲ್ಟು ಒಂದು ಅಂಗಡಿಯಲ್ಲಿ ಸಿಕ್ಕಿತು. ಅಲ್ಲಿ ಚೌಕ ನಟ್ಟು ಇರಲಿಲ್ಲ, ಇನ್ನೊಂದು ಕಡೆಯಿಂದ ಸಾದಾ ಚೌಕ ನಟ್ಟು ತಂದೆ. ಎರಡು ಸುತ್ತು ಹೋಗಿ ನಿಂತಿತು. ಮರಳಿ ಹೋಗಿ ಕೇಳಿದರೆ, “ಗ್ರೀಸ್ ಹಾಕಿ ತಿರುಗಿಸಿ ಅಣ್ಣಾ, ಹೋಗ್ತದೆ” ಅಂದರು. ಹೋಯಿತು ನಿಜ. ಆದರೆ ಬೋಲ್ಟಿನ ಸತು ಬೆಳ್ಳಿ ಪುಡಿಯಂತೆ ಸುಲಿದು ಗ್ರೀಸಿನೊಳಗೆ ಬಂತು. ಸುಲಿದ ಜಾಗದಲ್ಲೇ ಆಗಸ್ಟಿನಲ್ಲಿ ಕೆಂಪು ತುಕ್ಕು ಕಂಡಿತು.

ಕಾರಣ ಆಮೇಲೆ ತಿಳಿಯಿತು. ಅದ್ದಿದ ಬೋಲ್ಟಿನ ಮೇಲೆ ಸತುವಿನ ಪದರ ದಪ್ಪ ಇರುತ್ತದೆ. ಅದಕ್ಕೆ ಜಾಗ ಬಿಡಲೆಂದೇ ಅದರ ಜೋಡಿ ನಟ್ಟಿನ ಥ್ರೆಡ್ಡನ್ನು ತುಸು ಅಗಲವಾಗಿ ಕೊರೆದಿರುತ್ತಾರೆ. ನಟ್ಟಿನ ಒಳಗೆ ಸತು ಇರುವುದಿಲ್ಲ, ಬೋಲ್ಟಿನ ಸತುವೇ ಅದನ್ನೂ ಕಾಯಬೇಕು. ಆ ನಟ್ಟನ್ನು ಹಳೆಯ ಪ್ಲೇಟಿಂಗ್ ಬೋಲ್ಟಿಗೆ ಹಾಕಿದರೆ ಸಡಿಲಾಗಿ ಅಲ್ಲಾಡುತ್ತದೆ, ಬಿಗಿದರೆ ಥ್ರೆಡ್ಡು ಕಿತ್ತುಹೋಗಬಹುದು. ಅದಕ್ಕೇ ಹೇಳುವುದು, ಎರಡನ್ನೂ ಜೋಡಿಯಾಗಿಯೇ ಕೊಳ್ಳಿ. ದುಡ್ಡು ಕೊಡುವ ಮೊದಲು ಅಲ್ಲೇ ಬರಿಗೈಯಲ್ಲಿ ಕೊನೆತನಕ ತಿರುಗಿಸಿ ನೋಡಿ.

ಮುಂದೆ ಜೋಡಿಯಾಗಿ ತಂದವು ಈಗ ಮೂರು ಮಳೆಗಾಲ ಕಂಡಿವೆ. ನಾನು ಮಾಡುವುದು ಇಷ್ಟೇ. ಮೇ ತಿಂಗಳಲ್ಲಿ ಬಾವಿ ನೀರಿನಿಂದ ಉಪ್ಪು ತೊಳೆದು, ಒಣಗಿಸಿ, ಗುಳಿಯ ತುಂಬ ಗ್ರೀಸ್ ಮೆತ್ತುತ್ತೇನೆ. ಇಲ್ಲದಿದ್ದರೆ ಅಲ್ಲಿ ನೀರು ನಿಲ್ಲುತ್ತದೆ. ಮರದ ಬದಿಗೆ ಅಗಲ ವಾಷರ್ ಕಡ್ಡಾಯ. ತಂತಿ ಬ್ರಷ್ ಹಾಕುವುದಿಲ್ಲ, ಅದು ಸತುವನ್ನೇ ಕೆರೆಯುತ್ತದೆ.

ಮಳೆಗೆ ಉಬ್ಬಿದ ಮರ ಡಿಸೆಂಬರಿನಲ್ಲಿ ಕುಗ್ಗಿ ಬೋಲ್ಟು ಸಡಿಲಾಗುತ್ತದೆ, ಆಗ ಮತ್ತೊಮ್ಮೆ ಬಿಗಿಯಬೇಕು. ಈ ಸಲ ಎಂಟೂ ಬೋಲ್ಟು ಕಾಲು ಸುತ್ತು ಬಿಗಿದವು, ಒಂದು ಪಾನದಲ್ಲಿ, ಒಬ್ಬನೇ, ಹತ್ತು ನಿಮಿಷದೊಳಗೆ.