ಮದುವೆ ಇಲ್ಲೋ, ಅಲ್ಲೋ? ಕೆ-1 ಮತ್ತು ಸಿಆರ್-1

ಪುಣೆಯ ಹುಡುಗಿ, ಅಮೆರಿಕ ಪೌರತ್ವದ ಹುಡುಗ. ಯಾವ ವೀಸಾ ಅಂತ ಕೇಳಿದ್ದೀರಿ. ಕೆ-1 ಅಂದರೆ ಮದುವೆ ನಿಶ್ಚಯವಾದವರು ಅಮೆರಿಕಕ್ಕೆ ಹೋಗಿ ಮದುವೆಯಾಗುವ ವೀಸಾ, ಸಿಆರ್-1 ಅಂದರೆ ಮದುವೆಯಾದ ಮೇಲೆ ಗಂಡ ಅಥವಾ ಹೆಂಡತಿಯಾಗಿ ಹೋಗುವ ವೀಸಾ. ಎರಡಕ್ಕೂ ಸಂದರ್ಶನ ಮುಂಬೈಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲೇ.

ಖರ್ಚು ಕೆ-1ಕ್ಕೇ ಜಾಸ್ತಿ. ಅಮೆರಿಕಕ್ಕೆ ಹೋಗಿ 90 ದಿನದೊಳಗೆ ಮದುವೆಯಾಗಬೇಕು, ಆಮೇಲೆ ಗ್ರೀನ್ ಕಾರ್ಡಿಗೆ ಐ-485 ಅರ್ಜಿ, ಮತ್ತೆ ಶುಲ್ಕ. ವರ್ಕ್ ಪರ್ಮಿಟ್ ಬರುವ ತನಕ ಸುಮ್ನೆ ಮನೆಯಲ್ಲಿ ಕೂರಬೇಕು. ದುಡಿದು ಅಭ್ಯಾಸವಿದ್ದವರಿಗೆ ಇದು ದೊಡ್ಡ ಕಾಟ. ಸಿಆರ್-1ರಲ್ಲಿ ಕಾಲಿಟ್ಟ ದಿನವೇ ಕಾಯಂ ನಿವಾಸಿ, ಕೆಲಸಕ್ಕೂ ಅಡ್ಡಿಯಿಲ್ಲ. ಆದರೆ ಅರ್ಜಿ ಹಾಕುವ ಮೊದಲೇ ಮದುವೆ ನೋಂದಣಿಯ ಸರ್ಟಿಫಿಕೇಟ್ ಕೈಲಿರಬೇಕು.

ಎರಡರಲ್ಲೂ ಸಾಮಾನ್ಯವಾಗಿ ಸಿಗುವುದು 2 ವರ್ಷದ ಷರತ್ತಿನ ಕಾರ್ಡು. ಅದು ಮುಗಿಯುವ ಮುಂಚಿನ 90 ದಿನದಲ್ಲಿ ಷರತ್ತು ತೆಗೆಸಲು ಐ-751 ಅರ್ಜಿ ಹಾಕಬೇಕು. ಪೌರತ್ವಕ್ಕೆ ಅರ್ಜಿ ಹಾಕಲು ಬೇಕಾದ 3 ವರ್ಷದ ಲೆಕ್ಕವೂ ಗ್ರೀನ್ ಕಾರ್ಡ್ ಸಿಕ್ಕ ದಿನದಿಂದಲೇ.

ಮದುವೆ ಹುಬ್ಬಳ್ಳಿಯಲ್ಲೇ ಆಗಲಿ ಅಂತ ಹಿರಿಯರು ಪಟ್ಟು ಹಿಡಿದರೆ ಸಿಆರ್-1. ಅಮೆರಿಕದಲ್ಲೇ ಮದುವೆ ಅಂತ ಗಟ್ಟಿಯಾಗಿದ್ದರೆ, ಕೆಲಸಕ್ಕೂ ಅವಸರವಿಲ್ಲದಿದ್ದರೆ ಕೆ-1.