ನೈದಿಲೆಗೆ ಐದು ಸ್ಟಾರ್, ಜೊತೆಗೆ ಬಂದದ್ದಕ್ಕೆ ಸೊನ್ನೆ

ತಾರಸಿಯ ತೊಟ್ಟಿಗೆ ಅಂತ ಬೆಂಗಳೂರಿನ ನಮ್ಮ ಏರಿಯಾದ ನರ್ಸರಿಯಿಂದ ನೈದಿಲೆ ಗಡ್ಡೆ ತಂದೆ. ಗಡ್ಡೆ ದಪ್ಪಗಿತ್ತು, ಬೇಗ ಚಿಗುರಿತು, ಬಿಳಿ ಹೂವೂ ಬಿಟ್ಟಿತು. ಬೆಲೆಗೂ ತಕರಾರಿಲ್ಲ. ಆದರೆ "ಕೆರೆಯಿಂದ ಈಗಷ್ಟೇ ಕಿತ್ತು ತಂದಿದ್ದು ಮೇಡಂ" ಅಂತ ಹೆಮ್ಮೆಯಿಂದ ಹೇಳ್ತಾರಲ್ಲ, ತೊಂದರೆ ಇರುವುದೇ ಅಲ್ಲಿ. ಬೇರು ತೊಳೆದಿರಲಿಲ್ಲ. ಕೆಸರಿನ ಜೊತೆ ಸಾಲ್ವೀನಿಯಾ ಅನ್ನೋ ನೀರ ಮೇಲೆ ತೇಲುವ ಕಳೆಯ ಚೂರುಗಳೂ ಬಂದವು.

ಉಗುರಿನಷ್ಟು ಎಲೆ. ಮೇಲೆಲ್ಲ ಸಣ್ಣ ರೋಮ, ತುದಿಗಳು ಬಾಗಿ ಒಂದಕ್ಕೊಂದು ಕೂಡಿಕೊಂಡಿವೆ. ನೀರು ಚಿಮುಕಿಸಿದರೆ ಮಣಿಯಾಗಿ ಜಾರುತ್ತದೆ. ಚೆಂದವೇ, ಅಲ್ವಾ? ಬ್ರೆಜಿಲ್ ಮೂಲದ ಇದಕ್ಕೆ ಬೀಜ ಬೇಡ, ಗೆಣ್ಣಿರುವ ಒಂದು ಚೂರು ಸಾಕು. ತೊಟ್ಟಿ ನೀರನ್ನು ಸುಮ್ನೆ ಮೋರಿಗೆ ಚೆಲ್ಲಿದರೆ ಇನ್ನೊಂದು ಕೆರೆ ಸೇರಬಹುದು. ಅಲ್ಲಿ ನೀರೇ ಕಾಣದ ಹಾಗೆ ಹಬ್ಬುತ್ತದೆ.

ನಮ್ಮೂರಿಗೆ ಈ ಕಾಟ ಹೊಸದಲ್ಲ. 1983-84ರಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳಕ್ಕೆ, ಇದನ್ನೇ ತಿನ್ನುವ ಪುಟ್ಟ ಮೂತಿಹುಳುವನ್ನು ಆಸ್ಟ್ರೇಲಿಯಾದಿಂದ ತರಿಸಿ ಬಿಟ್ಟಿದ್ದರು. 11 ತಿಂಗಳೊಳಗೆ ಕಳೆ ಕುಸಿಯಿತು, ನೈದಿಲೆ ಮತ್ತೆ ಚೇತರಿಸಿಕೊಂಡಿತು. ಹುಳುವನ್ನು ಅಷ್ಟು ದೂರದಿಂದ ಕರೆಸಿ ಓಡಿಸಿದ ಕಳೆಯನ್ನು ನಾವು ದುಡ್ಡು ಕೊಟ್ಟು ಮನೆಗೆ ತರ್ತಿದ್ದೀವಿ!

ಅಂಗಡಿಯವರಿಗೆ ಹೇಳಿದರೆ "ಮೀನಿಗೆ ನೆರಳಾಗುತ್ತೆ ಬಿಡಿ" ಅಂದರು. ಪಕ್ಕದ ಬಕೆಟ್‌ನಲ್ಲಿ ಅದನ್ನೇ ಪ್ರತ್ಯೇಕವಾಗಿ ಮಾರಾಟಕ್ಕೂ ಇಟ್ಟಿದ್ದಾರೆ.

ಕೊಳ್ಳುವವರು ನರ್ಸರಿಯ ತೊಟ್ಟಿಯಲ್ಲೇ ಬೆಳೆಸಿದ ಗಡ್ಡೆ ಕೇಳಿ. ಬೇರನ್ನು ಬಕೆಟ್‌ನಲ್ಲಿ ತೊಳೆದು, ಚೂರುಗಳನ್ನು ಆರಿಸಿ, ಗರಿಗರಿ ಆಗುವವರೆಗೆ ಬಿಸಿಲಿಗೆ ಹಾಕಿ. ಆ ನೀರು ಮೋರಿಗೆ ಬೇಡ, ಹೂಕುಂಡಕ್ಕೆ ಹಾಕಿ. ಒಟ್ಟು 2 ಸ್ಟಾರ್, ಅದೂ ಹೂವಿನ ದಾಕ್ಷಿಣ್ಯಕ್ಕೆ.