ವಿಶ್ ಮತ್ತು ರಿಪೋರ್ಟೆಡ್ ಸ್ಪೀಚ್ ಕಲಿಯಲು ಮರ್ಫಿ ವ್ಯಾಕರಣ ಸಾಕೇ?

ರೇಮಂಡ್ ಮರ್ಫಿ ಅವರ ‘ಇಂಗ್ಲಿಷ್ ಗ್ರಾಮರ್ ಇನ್ ಯೂಸ್’ ಮೊದಲು ಬಂದದ್ದು 1985ರಲ್ಲಿ. ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್ 2019ರಲ್ಲಿ ತಂದ ಐದನೇ ಆವೃತ್ತಿಯಲ್ಲಿ 145 ಪಾಠಗಳಿವೆ. ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ. ಇಲ್ಲಿ ಪರಿಶೀಲಿಸಿರುವುದು ಎರಡೇ ವಿಷಯ: ವಿಶ್ ವಾಕ್ಯಗಳು ಮತ್ತು ಇನ್ನೊಬ್ಬರ ಮಾತನ್ನು ತಿಳಿಸುವ ರಿಪೋರ್ಟೆಡ್ ಸ್ಪೀಚ್. ಮೊದಲನೆಯದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಸಿಗುವುದು ಕಷ್ಟ. ಎರಡನೆಯದರಲ್ಲಿ ಒಂದಷ್ಟು ಪುಟ ಹುಡುಕುವ ಕೆಲಸ ಓದುಗರ ಪಾಲಿಗೇ ಬರುತ್ತದೆ.

ವಿಶ್‌ಗೆ 39, 40, 41ನೇ ಪಾಠಗಳು. ‘ಐ ವಿಶ್ ಐ ನ್ಯೂ ಹಿಸ್ ನಂಬರ್’ ಎಂಬ ವಾಕ್ಯ ನೋಡಿ. ನ್ಯೂ ಎಂಬುದು ಭೂತಕಾಲದ ರೂಪ, ಆದರೆ ಮಾತು ಈ ಕ್ಷಣದ್ದು: ನಂಬರ್ ಈಗ ಗೊತ್ತಿಲ್ಲ. ವಾಸ್ತವಕ್ಕೆ ವಿರುದ್ಧವಾದದ್ದನ್ನು ಹೇಳಲು ಕ್ರಿಯಾಪದ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಇದು ಹಿಡಿತಕ್ಕೆ ಬಾರದವರು ‘ಐ ವಿಶ್ ಐ ನೋ’ ಎಂದು ಬರೆಯುತ್ತಾರೆ. ಆಗಿಹೋದದ್ದಕ್ಕೆ ಹಳಹಳಿಸುವಾಗ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ: ‘ಐ ವಿಶ್ ಐ ಹ್ಯಾಡ್ ಟೋಲ್ಡ್ ಹರ್’. ಇಲ್ಲಿ ‘ವುಡ್ ಹ್ಯಾವ್ ಟೋಲ್ಡ್’ ಬರಕೂಡದು.

ವುಡ್ ಸಲ್ಲುವ ಜಾಗ 41ನೇ ಪಾಠದಲ್ಲಿದೆ, ಮೂರರಲ್ಲಿ ಅತ್ಯುತ್ತಮವಾದದ್ದೂ ಅದೇ. ‘ಐ ವಿಶ್ ಇಟ್ ವುಡ್ ಸ್ಟಾಪ್ ರೇನಿಂಗ್’ ಸರಿ, ಏಕೆಂದರೆ ಏನೋ ಒಂದು ನಡೆಯಲಿ ಎಂಬ ಬಯಕೆ ಅದು. ‘ಐ ವಿಶ್ ಐ ವುಡ್ ಬಿ ಟಾಲರ್’ ತಪ್ಪು. ಎತ್ತರ ಒಂದು ಸ್ಥಿತಿ, ಹಾಗಾಗಿ ‘ಐ ವಿಶ್ ಐ ವರ್ ಟಾಲರ್’. ಹೋಪ್ ಮತ್ತು ವಿಶ್ ಬೆರಸುವವರಿಗೂ ಇದೇ ಪಾಠ ಮದ್ದು. ‘ಐ ವಿಶ್ ಯು ಲಕ್’ ಎನ್ನಬಹುದು. ‘ಐ ವಿಶ್ ಯು ಪಾಸ್’ ಎನ್ನಲಾಗದು, ಅಲ್ಲಿ ಹೋಪ್ ಬೇಕು.

ರಿಪೋರ್ಟೆಡ್ ಸ್ಪೀಚ್ 47 ಮತ್ತು 48ರಲ್ಲಿದೆ. ಆ್ಯಮ್ ಹೋಗಿ ವಾಸ್, ವಿಲ್ ಹೋಗಿ ವುಡ್, ಕ್ಯಾನ್ ಹೋಗಿ ಕುಡ್. ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಹೇಳಿದ ಸಂಗತಿ ಈಗಲೂ ನಿಜವಾಗಿದ್ದರೆ ಕಾಲ ಬದಲಿಸಲೇಬೇಕೆಂದಿಲ್ಲ, ಭೂತಕಾಲದ ವಾಕ್ಯವನ್ನು ಸಾಮಾನ್ಯವಾಗಿ ಹಾಗೆಯೇ ಬಿಡಬಹುದು ಎಂಬುದನ್ನೂ ಮರ್ಫಿ ಬಿಡಿಸಿ ಹೇಳುತ್ತಾರೆ. ಎಲ್ಲವನ್ನೂ ಯಾಂತ್ರಿಕವಾಗಿ ಹ್ಯಾಡ್‌ಗೆ ತಿರುಗಿಸುವ ಅಭ್ಯಾಸ ಇದರಿಂದ ಬಿಟ್ಟುಹೋಗುತ್ತದೆ. ಸೆಡ್, ಟೋಲ್ಡ್ ವ್ಯತ್ಯಾಸವೂ ಇಲ್ಲೇ ಇದೆ: ಟೋಲ್ಡ್ ಆದಮೇಲೆ ಯಾರಿಗೆ ಎಂಬುದು ಬರಬೇಕು.

ಕೊರತೆ ಕಾಣುವುದು ಇದರ ಮುಂದೆ. ಪ್ರಶ್ನೆಯನ್ನು ವರದಿ ಮಾಡುವ ಬಗೆ 50ನೇ ಪಾಠಕ್ಕೆ ಹೋಗಿದೆ. 48ಕ್ಕೇ ನಿಲ್ಲಿಸಿದವರು ‘ಹಿ ಆಸ್ಕ್ಡ್ ಮಿ ವೇರ್ ಡಿಡ್ ಐ ಲಿವ್’ ಎಂದೇ ಬರೆಯುತ್ತಿರುತ್ತಾರೆ. ಸರಿಯಾದದ್ದು ‘ವೇರ್ ಐ ಲಿವ್ಡ್’. ಸಜೆಸ್ಟ್, ಡಿನೈ, ಅಡ್ಮಿಟ್ ಮುಂತಾದವು ಹೇಗೆ ಬಳಕೆಯಾಗುತ್ತವೆ ಎಂಬುದಕ್ಕೆ 53ನೇ ಪಾಠ ತೆರೆಯಬೇಕು. ಟುಡೇ, ಟುಮಾರೊ, ಹಿಯರ್ ಬದಲಾಗುವ ಬಗ್ಗೆ ಒಂದು ಪಟ್ಟಿ ಇದ್ದಿದ್ದರೆ ಚೆನ್ನಾಗಿತ್ತು. ‘ನಾಳೆ ಬರೋಕಾಗಲ್ಲ’ ಎಂದು ಅವಳು ಹೇಳಿದ್ದನ್ನು ವಾರ ಕಳೆದ ಮೇಲೆ ತಿಳಿಸುವಾಗ ‘ಶಿ ಸೆಡ್ ಶಿ ಕುಡಂಟ್ ಕಮ್ ದ ನೆಕ್ಸ್ಟ್ ಡೇ’ ಆಗಬೇಕು. ಅವತ್ತೇ ತಿಳಿಸಿದರೆ ಟುಮಾರೊ ಹಾಗೆಯೇ ಉಳಿಯುತ್ತದೆ.

ಕನ್ನಡದವರು ಎಡವುವ ಇನ್ನೊಂದು ಜಾಗಕ್ಕೆ ಪುಸ್ತಕದಿಂದ ನೇರ ನೆರವಿಲ್ಲ. ‘ನಾನು ಬರ್ತೀನಿ ಅಂತ ಅವನು ಹೇಳಿದ’ ಎನ್ನುವಾಗ ನಮ್ಮಲ್ಲಿ ‘ನಾನು’ ಬದಲಾಗದೆ ಉಳಿಯಬಹುದು. ಅದೇ ರೂಢಿಯಲ್ಲಿ ‘ಹಿ ಸೆಡ್ ದಟ್ ಐ ವಿಲ್ ಕಮ್’ ಎಂದರೆ ಬರುವವರು ಮಾತಾಡುತ್ತಿರುವವರೇ ಆಗಿಬಿಡುತ್ತಾರೆ! ಅಭ್ಯಾಸ ಬರೆಯುವಾಗ ಮೊದಲು ಸರ್ವನಾಮ ಸರಿಪಡಿಸಿ, ಆಮೇಲೆ ಕಾಲಕ್ಕೆ ಕೈ ಹಾಕುವುದು ಒಳ್ಳೆಯದು.

ಕೊಳ್ಳುವಾಗ ಉತ್ತರಗಳಿರುವ ಆವೃತ್ತಿಯನ್ನೇ ಕೇಳಿ. ಉತ್ತರಗಳಿಲ್ಲದ್ದು ತರಗತಿಯ ಬಳಕೆಗೆ. ಓದುವ ಕ್ರಮ 39, 40, 41, 47, 48, 50, ಆಮೇಲೆ 53. ವಿವರಣೆಯೆಲ್ಲ ಇಂಗ್ಲಿಷಿನಲ್ಲೇ ಇದೆ, ಆದರೆ ವಾಕ್ಯಗಳು ಚಿಕ್ಕವು. ಹ್ಯಾಡ್ ಜೊತೆ ಟೋಲ್ಡ್ ಬರಬೇಕೋ ಟೆಲ್ ಬರಬೇಕೋ ಎಂದು ತಡವರಿಸುವವರು 40ನೇ ಪಾಠಕ್ಕೆ ಮುಂಚೆ ಪುಸ್ತಕದ ಹಿಂಭಾಗದ ಮೊದಲ ಅನುಬಂಧದಲ್ಲಿರುವ ಕ್ರಿಯಾಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಕೊಳ್ಳಬೇಕು.